ಹೇಗೂ ಬಿಚ್ಚಿಯಾಯ್ತು, ಏನೇನು ಬದಲಿಸೋಣ?

ಸ್ಟುಟ್‌ಗಾರ್ಟ್ ಆಸುಪಾಸಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗ್ಯಾರೇಜುಗಳಿವೆ. ಲಿಫ್ಟು, ಪ್ರೆಸ್ಸು, ಪಾನಾ ಎಲ್ಲ ಅವರದು, ಮೈಬಗ್ಗಿಸಿ ದುಡಿಯುವುದು ನಮ್ಮ ಪಾಲು. ಜರ್ಮನ್ನರು ಇದನ್ನು ‘ಮೀಟ್‌ವೆರ್ಕ್‌ಷ್ಟಾಟ್’ ಎನ್ನುತ್ತಾರೆ. ಒಂದು ಚಳಿಗಾಲದ ಶನಿವಾರ ಅಂಥ ಗ್ಯಾರೇಜೊಂದರಲ್ಲಿ, ಪುತ್ತೂರಿನ ಗೆಳೆಯನ 1982ರ ಪೋರ್ಷೆ 911 ಎಸ್‌ಸಿ ಕಾರಿನ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಹಳೆಯ ಬೆಡ್‌ಶೀಟಿನ ಮೇಲೆ ಹರವಿಕೊಂಡು ಕೂತಿದ್ದೆವು. ಗೇರುಗಳು, ಶಾಫ್ಟುಗಳು, ಬೇರಿಂಗುಗಳು, ಬಳೆಯಂಥ ರಿಂಗುಗಳು, ಉಗುರಗಲದ ಉಕ್ಕಿನ ತುಂಡುಗಳು. ಗೆಳೆಯ ಎಲ್ಲವನ್ನೂ ಒಮ್ಮೆ ನೋಡಿ, “ಹೇಗೂ ಬಿಚ್ಚಿಯಾಯ್ತಲ್ಲ ಮಾರಾಯ, ಎಲ್ಲ ಹೊಸತೇ ಹಾಕಿಬಿಡುವ” ಎಂದ.

ಗೇರ್‌ಬಾಕ್ಸ್ ರಿಪೇರಿಯಲ್ಲಿ ದುಡ್ಡು ನೀರಿನಂತೆ ಹರಿಯುವುದು ಈ ಮಾತಿನಿಂದಲೇ. ಇದರ ತದ್ವಿರುದ್ಧದ ಮಾತೊಂದಿದೆ: “ಸವೆದದ್ದು ಒಂದೇ ರಿಂಗು, ಅದೊಂದನ್ನು ಹಾಕಿ ಮುಚ್ಚಿಬಿಡಿ.” ಇದೂ ಅಷ್ಟೇ ದುಬಾರಿ. ಈ ಕಾರಿನ ಹಿಂದಿನ ಮಾಲೀಕರಿಗೆ ಯಾವುದೋ ಗ್ಯಾರೇಜಿನವರು ಮಾಡಿಕೊಟ್ಟದ್ದು ಅದನ್ನೇ. ಎರಡನೇ ಗೇರಿಗೆ ಹೊಸ ಸಿಂಕ್ರೊ ರಿಂಗು (ಗೇರು ಹಾಕುವಾಗ ವೇಗ ಹೊಂದಿಸುವ ಬಳೆ) ಹಾಕಿ, ಅದರ ಪಕ್ಕದಲ್ಲೇ ಮೊನೆ ಹೋಗಿದ್ದ ಹಲ್ಲುಗಳನ್ನು ಹಾಗೆಯೇ ಬಿಟ್ಟಿದ್ದರು. ಕಾರು ಗೆಳೆಯನ ಕೈಗೆ ಬರುವಷ್ಟರಲ್ಲಿ ಎರಡನೇ ಗೇರು ಮತ್ತೆ ಕರ್ರ್ ಎನ್ನುತ್ತಿತ್ತು.

ಹಾಗಾದರೆ ಯಾವುದನ್ನು ಬದಲಿಸಬೇಕು, ಯಾವುದನ್ನು ಒರೆಸಿ ವಾಪಸ್ ಇಡಬೇಕು, ಯಾವುದನ್ನು ಮುಟ್ಟಲೇಬಾರದು? ಇಲ್ಲಿ ಹೇಳುವುದು 911ರ ‘915’ ಎಂಬ ಗೇರ್‌ಬಾಕ್ಸಿನ ಕಥೆ. 1972ರ ಮಾದರಿಯಿಂದ 1986ರವರೆಗೆ ಟರ್ಬೊ ಅಲ್ಲದ 911ಗಳಲ್ಲಿ ಇದ್ದದ್ದು ಇದು. 1987ರಲ್ಲಿ ಇದರ ಜಾಗಕ್ಕೆ ಗೆಟ್ರಾಗ್ ಕಂಪನಿಯ ಜಿ50 ಬಂತು. ಕ್ಯಾಲಿಫೋರ್ನಿಯಾದಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರ ಕೈಗೆ ಹಳೆಯ 911 ಬಂದರೆ ಅದರಲ್ಲಿ ಈ ಪೆಟ್ಟಿಗೆಯೇ ಇರುವ ಸಂಭವ ಹೆಚ್ಚು. ಆದರೆ ಯೋಚಿಸುವ ಕ್ರಮ ಯಾವ ಕೈಗೇರಿನ ಕಾರಿಗೂ ಹೊಂದುತ್ತದೆ.

ಬಿಚ್ಚುವ ಮೊದಲು

ಗೇರು ಕಚ್ಚದಿದ್ದರೆ ತಪ್ಪು ಗೇರ್‌ಬಾಕ್ಸಿನದೇ ಎಂದು ಹೇಳಲಾಗದು. ಕ್ಲಚ್ ಪೂರ್ತಿ ಬಿಡಿಸಿಕೊಳ್ಳದಿದ್ದರೂ ಇದೇ ಲಕ್ಷಣ. ಇದನ್ನು ಪತ್ತೆಮಾಡಲು ಬಿಡಿಗಾಸೂ ಖರ್ಚಿಲ್ಲದ ಉಪಾಯವಿದೆ. ಎಂಜಿನ್ ಬಿಸಿಯಾದ ಮೇಲೆ ನಿಂತ ಕಾರಿನಲ್ಲಿ ಕ್ಲಚ್ಚನ್ನು ನೆಲಕ್ಕೆ ಒತ್ತಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ನಿಧಾನವಾಗಿ ರಿವರ್ಸ್ ಹಾಕಿ. 915ರಲ್ಲಿ ರಿವರ್ಸಿಗೆ ಸಿಂಕ್ರೊ ಇಲ್ಲ. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಅಷ್ಟು ಹೊತ್ತಿಗೆ ಒಳಗಿನ ಶಾಫ್ಟು ನಿಂತಿರುತ್ತದೆ, ಗೇರು ಸದ್ದಿಲ್ಲದೆ ಕೂರುತ್ತದೆ. ಆಗಲೂ ಕರ್ರ್ ಎಂದರೆ ಮೊದಲು ಕ್ಲಚ್ ಕೇಬಲ್ ನೋಡಬೇಕು. ಎಸ್‌ಸಿ ಕಾಲದ ಕಾರುಗಳಲ್ಲಿ ಕ್ಲಚ್ ಎಳೆಯುವುದು ಕೇಬಲ್. ಅದು ಹಿಗ್ಗುತ್ತದೆ, ಅದರ ಅಡ್ಜಸ್ಟ್‌ಮೆಂಟ್ ತಪ್ಪುತ್ತದೆ.

ಎರಡನೆಯ ಶಂಕಿತ ಆಸಾಮಿ ಪ್ಲಾಸ್ಟಿಕ್ ಬುಷ್. 911ರಲ್ಲಿ ಎಂಜಿನ್, ಗೇರ್‌ಬಾಕ್ಸ್ ಹಿಂದೆ, ಗೇರ್ ಲಿವರ್ ಮುಂದೆ. ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಉದ್ದನೆಯ ರಾಡು ಕಾರಿನ ನಡುವಿನ ಸುರಂಗದಲ್ಲಿ ಹಾದುಹೋಗುತ್ತದೆ. ಹಿಂದಿನ ಸೀಟುಗಳ ನಡುವಿನ ಮುಚ್ಚಳ ತೆಗೆದರೆ ಒಂದು ಕಪ್ಲಿಂಗ್ ಸಿಗುತ್ತದೆ. ಅದರೊಳಗಿನ ಬುಷ್ ನಲವತ್ತು ವರ್ಷದಲ್ಲಿ ಪುಡಿಯಾಗಿರುವುದು ಸಾಮಾನ್ಯ. ಗೇರ್ ಲಿವರ್ ಗಂಜಿಯಲ್ಲಿ ಸೌಟು ಆಡಿಸಿದಂತಿದ್ದರೆ ಇದನ್ನು ಬದಲಿಸಿ ಒಂದು ವಾರ ಓಡಿಸಿ ನೋಡಿ. ಎಂಜಿನ್ ಇಳಿಸುವ ಖರ್ಚೇ ಉಳಿದೀತು.

ಇಷ್ಟಾದ ಮೇಲೂ ತೊಂದರೆ ಉಳಿದರೆ ಲಕ್ಷಣಗಳನ್ನು ಬರೆದಿಟ್ಟುಕೊಳ್ಳಿ. ಯಾವ ಗೇರು, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಮೇಲೇರಿಸುವಾಗಲೋ ಇಳಿಸುವಾಗಲೋ? ಆಕ್ಸಿಲರೇಟರ್ ಬಿಟ್ಟೊಡನೆ ಗೇರು ತಾನಾಗಿ ನ್ಯೂಟ್ರಲಿಗೆ ಬೀಳುತ್ತದೆಯೇ? ನ್ಯೂಟ್ರಲಿನಲ್ಲಿ ನಿಂತಾಗ ಕೇಳುವ ಗೊರಗೊರ ಕ್ಲಚ್ ಒತ್ತಿದೊಡನೆ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗಿನ ಮೇಲೆ ಅನುಮಾನ. ಒತ್ತಿದಾಗಲೇ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಎಲ್ಲ ಗೇರಿನಲ್ಲೂ ಒಂದೇ ರಾಗದ ಊಳು ಕೇಳಿಸಿ, ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಆದರೆ ಚಕ್ರಗಳಿಗೆ ಶಕ್ತಿ ಸಾಗಿಸುವ ಕೊನೆಯ ಗೇರು ಜೋಡಿಯಾದ ಕ್ರೌನ್-ಪಿನಿಯನ್ ಕಡೆ ಕಿವಿಗೊಡಿ. ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಈ ಸದ್ದುಗಳು ಇರುವುದಿಲ್ಲ, ನಿಮ್ಮ ಚೀಟಿ ಮಾತ್ರ ಇರುತ್ತದೆ.

ಆಯಿಲ್ ಇಳಿಸುವಾಗಲೂ ಅವಸರ ಬೇಡ. ಸುಮಾರು 3 ಲೀಟರ್ ಬರುತ್ತದೆ. ಡ್ರೈನ್ ಪ್ಲಗ್ಗಿನಲ್ಲಿ ಅಯಸ್ಕಾಂತವಿದೆ. ಅದರ ಮೇಲೆ ಬೂದು ಬಣ್ಣದ ಕೆಸರು ಮೆತ್ತಿದ್ದರೆ ಅದು ವಯಸ್ಸಿಗೆ ಸಹಜ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರು ಸಿಕ್ಕರೆ ಒಳಗೆ ಏನೋ ಮುರಿದಿದೆ. ಆ ಚೂರನ್ನು ಎಸೆಯಬೇಡಿ. ಅದು ಯಾವುದರ ತುಂಡು ಎಂದು ಆಮೇಲೆ ಹೊಂದಿಸಿ ನೋಡಬೇಕಾಗುತ್ತದೆ.

ಬೆಲೆಯಲ್ಲ, ದಾರಿ ಖರ್ಚು

ಬಿಡಿಭಾಗ ಬದಲಿಸುವ ನಿರ್ಧಾರದಲ್ಲಿ ನಾನು ಮೊದಲು ನೋಡುವುದು ಅದರ ಬೆಲೆಯನ್ನಲ್ಲ, ಅದರ ಬಳಿಗೆ ಇನ್ನೊಮ್ಮೆ ಹೋಗಬೇಕಾದರೆ ಎಷ್ಟು ಖರ್ಚು ಎಂಬುದನ್ನು. 911ರಲ್ಲಿ ಗೇರ್‌ಬಾಕ್ಸ್ ಹೊರಬರಬೇಕಾದರೆ ಸಾಮಾನ್ಯವಾಗಿ ಎಂಜಿನ್ನನ್ನೂ ಅದರೊಟ್ಟಿಗೇ ಇಳಿಸಿ, ಕೆಳಗೆ ಎರಡನ್ನೂ ಬೇರ್ಪಡಿಸುತ್ತಾರೆ. ಇನ್‌ಪುಟ್ ಶಾಫ್ಟಿನ ಆಯಿಲ್ ಸೀಲ್ ಇಡೀ ಕೆಲಸದಲ್ಲಿ ಅತಿ ಅಗ್ಗದ ಭಾಗಗಳಲ್ಲೊಂದು. ಅದು ಸೋರಿದರೆ ಆಯಿಲ್ ಹೋಗುವುದು ನೇರ ಕ್ಲಚ್ ಪ್ಲೇಟಿಗೆ. ಮತ್ತೆ ಎಂಜಿನ್ ಇಳಿಸಬೇಕು. ಆದ್ದರಿಂದ ಈ ಸೀಲು ನೋಡಲು ಎಷ್ಟೇ ಚೆನ್ನಾಗಿರಲಿ, ಹೊಸದೇ ಹಾಕಿ. ಎರಡು ಪಕ್ಕದ ಆ್ಯಕ್ಸಲ್ ಫ್ಲ್ಯಾಂಜುಗಳ ಸೀಲುಗಳನ್ನು ಗೇರ್‌ಬಾಕ್ಸ್ ಕಾರಿನಲ್ಲಿದ್ದಾಗಲೂ ಬದಲಿಸಬಹುದು. ಆದರೂ ಚಹಾ ಕುಡಿದಷ್ಟೇ ಹೊತ್ತಿನ ಕೆಲಸ, ಅದನ್ನೂ ಮುಗಿಸಿಬಿಡಿ.

ಗ್ಯಾಸ್ಕೆಟ್, ಓ-ರಿಂಗ್, ಸೀಲ್, ಸರ್ಕ್ಲಿಪ್, ಒಮ್ಮೆ ಜಜ್ಜಿ ಲಾಕ್ ಮಾಡಿದ ನಟ್ಟು, ಲಾಕ್ ಪ್ಲೇಟ್: ಇವುಗಳ ಬಗ್ಗೆ ಚರ್ಚೆಯೇ ಬೇಡ, ಎಲ್ಲ ಹೊಸತು. ಇದೇ ಲೆಕ್ಕದಲ್ಲಿ ಕ್ಲಚ್ಚಿನ ಕಡೆಯ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎಂಜಿನ್ನಿನ ಫ್ಲೈವೀಲ್ ಬದಿಯ ಸೀಲು. ಕ್ಲಚ್ ಪ್ಲೇಟು ಅರ್ಧ ಸವೆದಿದ್ದರೆ ಅದೂ ಹೋಗಲಿ. “ಇನ್ನೂ ಎರಡು ವರ್ಷ ಬರುತ್ತದಲ್ಲ” ಎಂದರೆ, ಎರಡು ವರ್ಷಕ್ಕೆ ಮತ್ತೆ ಎಂಜಿನ್ ಇಳಿಸುವವರು ಯಾರು?

ಸಿಂಕ್ರೊ ಎಂಬ ಸಂಸಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾರುತಿ, ಟೊಯೊಟಾದಂಥ ಹೆಚ್ಚಿನ ಕಾರುಗಳಲ್ಲಿ ಸಿಂಕ್ರೊ ರಿಂಗ್ ಎಂದರೆ ಗೇರಿನ ಮೇಲೆ ಟೋಪಿಯಂತೆ ಕೂರುವ ಕೋನ್ ಆಕಾರದ ಬಳೆ, ಬಹಳ ಸಲ ಹಿತ್ತಾಳೆಯದು. 915ರಲ್ಲಿರುವುದು ಪೋರ್ಷೆಯದೇ ಬೇರೆ ಜಾತಿ. ಉಕ್ಕಿನ ರಿಂಗು, ಒಂದು ಕಡೆ ಸೀಳು, ಮೇಲೆ ಮಾಲಿಬ್ಡಿನಮ್ ಲೇಪ. ಗೇರು ಹಾಕುವಾಗ, ಒಳಗೆ ಹಲ್ಲುಗಳಿರುವ ಸ್ಲೈಡರ್ ಎಂಬ ಬಳೆ ಈ ರಿಂಗಿನ ಮೇಲೆ ಜಾರಿ ಬರುತ್ತದೆ. ಸ್ಲೈಡರ್ ಮತ್ತು ಗೇರಿನ ವೇಗ ಬೇರೆ ಇರುವವರೆಗೆ ರಿಂಗು ಎಳೆದಾಡಿಸಿಕೊಂಡು ಹಿಗ್ಗುತ್ತದೆ. ಅದರೊಳಗಿನ ಬ್ರೇಕ್ ಬ್ಯಾಂಡು ಅದನ್ನು ಹೊರಕ್ಕೆ ಒತ್ತಿ ಸ್ಲೈಡರನ್ನು ಮುಂದೆ ಹೋಗಗೊಡದೆ ತಡೆಯುತ್ತದೆ. ವೇಗ ಹೊಂದಿದ ಕ್ಷಣ ಒತ್ತಡ ಇಳಿದು ರಿಂಗು ಕುಗ್ಗುತ್ತದೆ, ಸ್ಲೈಡರ್ ದಾಟಿಹೋಗಿ ಗೇರಿನ ಪಕ್ಕದಲ್ಲಿರುವ ಸಣ್ಣ ಡಾಗ್ ಹಲ್ಲುಗಳನ್ನು ಕಚ್ಚುತ್ತದೆ. ಈ ಗೇರ್‌ಬಾಕ್ಸನ್ನು ಅವಸರಿಸಬೇಡಿ ಎಂದು ಹಳಬರು ಹೇಳುವುದು ಈ ಕಾರಣಕ್ಕೇ. ಲಿವರನ್ನು ರಿಂಗಿಗೆ ಒರಗಿಸಿ ಅರೆಕ್ಷಣ ಕಾದರೆ ಗೇರು ತಾನಾಗಿ ಒಳಗೆ ಬೀಳುತ್ತದೆ.

ಸೀಳಿರುವ ರಿಂಗು, ಬ್ರೇಕ್ ಬ್ಯಾಂಡು, ಅದಕ್ಕೆ ಆನಿಕೆಯಾದ ಸಣ್ಣ ತುಂಡುಗಳು, ಡಾಗ್ ಹಲ್ಲು, ಸ್ಲೈಡರ್: ಇದೊಂದು ಕೂಡು ಕುಟುಂಬ. ಒಬ್ಬರಿಗೆ ಮಾತ್ರ ಹೊಸ ಬಟ್ಟೆ ತಂದರೆ ನಡೆಯದು. ನಮ್ಮ ಮುಂದಿದ್ದ ಎರಡನೇ ಗೇರನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿದೆ. ಐದನೇ ಗೇರಿನ ಡಾಗ್ ಹಲ್ಲುಗಳು ಮನೆಯ ಮಾಡಿನಂತೆ ಎರಡೂ ಕಡೆ ಇಳಿಜಾರಾಗಿ ನಡುವೆ ಚೂಪಾಗಿದ್ದವು. ಎರಡನೆಯದರ ಹಲ್ಲುಗಳು ಚೀಪಿ ಬಿಟ್ಟ ಪೆಪ್ಪರಮಿಂಟಿನ ಹಾಗೆ ಗುಂಡಗಾಗಿದ್ದವು. ಅದರ ಮೇಲಿನ ರಿಂಗು ಮಾತ್ರ ನೋಡಲು ಇನ್ನೂ ಹೊಸತು! ಗೆಳೆಯ ಹೆಬ್ಬೆರಳಿನ ಉಗುರನ್ನು ಹಲ್ಲಿನ ತುದಿಗೆ ಒತ್ತಿ ನೋಡಿದ. ಒಳ್ಳೆಯ ಹಲ್ಲು ಉಗುರಿಗೆ ಸಿಕ್ಕಿಕೊಳ್ಳುತ್ತದೆ. ಇದು ಜಾರಿತು.

ಹೀಗಾದಾಗ ಇಡೀ ಗೇರನ್ನು ಬದಲಿಸಬೇಕೆಂದೇನಿಲ್ಲ, ಇದು ಈ ವಿನ್ಯಾಸದ ದೊಡ್ಡ ಉಪಕಾರ. ಡಾಗ್ ಹಲ್ಲಿನ ಉಂಗುರ ಗೇರಿನ ಮೇಲೆ ಪ್ರೆಸ್ ಮಾಡಿ ಕೂರಿಸಿದ ಬೇರೆಯೇ ಭಾಗ. ಹಳೆಯದನ್ನು ಎಳೆದು ತೆಗೆದು ಹೊಸದನ್ನು ಪ್ರೆಸ್ಸಿನಲ್ಲಿ ಕೂರಿಸಬಹುದು. ಸ್ಲೈಡರಿನ ಒಳ ಹಲ್ಲುಗಳನ್ನೂ ಹೀಗೆಯೇ ಬೆಳಕಿಗೆ ಹಿಡಿದು ನೋಡಿ. ಒಂದನೇ ಗೇರಿಗೂ ಎರಡನೇ ಗೇರಿಗೂ ಒಂದೇ ಸ್ಲೈಡರ್. ಅದರ ಒಂದು ಮೈ ಸವೆದಿದ್ದರೂ ಹೊಸತು ಹಾಕುವುದೇ ಸರಿ. ಹಲ್ಲನ್ನು ಅರದಿಂದ ಉಜ್ಜಿ ಚೂಪು ಮಾಡುವ ಜಾಣತನ ಬೇಡ. ಮೇಲಿನ ಗಟ್ಟಿ ಪದರ ಹೋದ ಮೇಲೆ ಒಳಗಿನ ಮೆತ್ತನೆಯ ಉಕ್ಕು ಹೆಚ್ಚು ದಿನ ಬಾಳದು.

ರಿಂಗುಗಳ ವಿಷಯದಲ್ಲಿ ನನ್ನ ಲೆಕ್ಕ ಸರಳ. ಪೆಟ್ಟಿಗೆ ಪೂರ್ತಿ ಬಿಚ್ಚಿದ್ದರೆ ಒಂದು, ಎರಡು, ಮೂರನೇ ಗೇರುಗಳ ರಿಂಗು ಮತ್ತು ಬ್ಯಾಂಡುಗಳನ್ನು ಕಣ್ಣುಮುಚ್ಚಿ ಬದಲಿಸಿ. ನಾಲ್ಕು ಮತ್ತು ಐದನ್ನು ಅಳೆದು ನಿರ್ಧರಿಸಿ. ಊರೊಳಗೆ ಹೆಚ್ಚು ಏಟು ತಿನ್ನುವುದು ಎರಡನೆಯದು. ಒಂದನೆಯದು ಹಾಳಾಗುವುದು ಕಾರು ಇನ್ನೂ ಉರುಳುತ್ತಿರುವಾಗಲೇ ಅದಕ್ಕೆ ನೂಕುವವರಿಂದ. ಐದನೆಯದು ಹೆದ್ದಾರಿಯಲ್ಲಿ ಒಮ್ಮೆ ಕೂತರೆ ತಾಸುಗಟ್ಟಲೆ ಹಾಗೆಯೇ ಇರುತ್ತದೆ. ರಿಂಗನ್ನು ಗೇರಿನ ಮೇಲೆ ಜೋಡಿಸಿ, ಸರ್ಕ್ಲಿಪ್ ಹಾಕಿದ ಸ್ಥಿತಿಯಲ್ಲೇ ವರ್ನಿಯರಿನಲ್ಲಿ ಹೊರ ವ್ಯಾಸ ಅಳೆದು ವರ್ಕ್‌ಶಾಪ್ ಪುಸ್ತಕದ ಅಳತೆಗೆ ಹೋಲಿಸಬೇಕು. ಕೈಯಲ್ಲಿ ಹಿಡಿದು ಅಳೆದರೆ ಸೀಳು ಬಿಟ್ಟುಕೊಂಡು ಸುಳ್ಳು ಅಳತೆ ಬರುತ್ತದೆ. ರಿಂಗಿನ ಮೇಲ್ಮೈ ಒರಟಾಗಿ, ಮಂಕು ಬೂದು ಬಣ್ಣದಲ್ಲಿದ್ದರೆ ಜೀವವಿದೆ. ಕನ್ನಡಿಯಂತೆ ಹೊಳೆಯುವ ಪಟ್ಟಿ ಕಂಡರೆ ಲೇಪ ಮುಗಿದಿದೆ. ತರಿಸುವಾಗ ಎಚ್ಚರವಿರಲಿ, ಎಲ್ಲ ಗೇರುಗಳ ರಿಂಗೂ ಒಂದೇ ಅಳತೆಯದಲ್ಲ.

ಹಿತ್ತಾಳೆಯ ಕೋನ್ ರಿಂಗಿನ ಗೇರ್‌ಬಾಕ್ಸ್ ಇದ್ದವರಿಗೆ ಪರೀಕ್ಷೆ ಇನ್ನೂ ಸುಲಭ. ರಿಂಗನ್ನು ಗೇರಿನ ಕೋನಿಗೆ ಕೈಯಿಂದ ಒತ್ತಿ ಹಿಡಿದು, ರಿಂಗಿಗೂ ಗೇರಿನ ಹಲ್ಲಿಗೂ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ರಿಂಗು ಸವೆದಷ್ಟೂ ಒಳಗೆ ಇಳಿಯುತ್ತದೆ, ಸಂದಿ ಕಿರಿದಾಗುತ್ತದೆ.

ಬೇರಿಂಗು, ಫೋರ್ಕು, ಪೆಟ್ಟಿಗೆ

ಬೇರಿಂಗನ್ನು ಆಯಿಲಿನಲ್ಲಿ ತೊಯ್ದಿರುವಾಗ ತಿರುಗಿಸಿ ‘ನುಣ್ಣಗಿದೆ’ ಎನ್ನುವುದು ಮೋಸ. ಆಯಿಲ್ ಎಲ್ಲ ಗೀರನ್ನೂ ಮುಚ್ಚಿರುತ್ತದೆ. ಚೆನ್ನಾಗಿ ತೊಳೆದು, ಒಣಗಿಸಿ, ನಿಧಾನವಾಗಿ ತಿರುಗಿಸಿ. ಒಣಗಿಸುವಾಗ ಕಂಪ್ರೆಸರ್ ಗಾಳಿಯಿಂದ ಅದನ್ನು ಬುಗುರಿಯಂತೆ ತಿರುಗಿಸುವ ಆಟ ಬೇಡ. ರೋಲರ್ ಓಡುವ ಹಾದಿಯಲ್ಲಿ ಸೂಜಿ ಚುಚ್ಚಿದಂಥ ಗುಳಿ, ನೀಲಿ ಅಥವಾ ಕಂದು ಬಣ್ಣ, ಉಗುರಿಗೆ ತಾಗುವ ಗೆರೆ, ಇವುಗಳಲ್ಲಿ ಒಂದು ಕಂಡರೂ ಬೇರಿಂಗ್ ಹೋಯಿತು. ಏನೂ ಕಾಣದಿದ್ದರೆ? ಇನ್‌ಪುಟ್ ಶಾಫ್ಟಿನ ಬೇರಿಂಗುಗಳು ನಲವತ್ತು ವರ್ಷ ಹಳೆಯವಾಗಿದ್ದರೆ ನಾನು ಬದಲಿಸುತ್ತೇನೆ. ಗೇರುಗಳ ಒಳಗಿನ ಸೂಜಿ ಬೇರಿಂಗುಗಳಲ್ಲಿ ದೋಷ ಕಾಣದಿದ್ದರೆ ಅವನ್ನು ಅದೇ ಗೇರಿಗೆ ವಾಪಸ್ ಹಾಕುತ್ತೇನೆ.

ಬೇರಿಂಗಿಗಿಂತ ಮುಖ್ಯ ಅದು ಕೂರುವ ಗುಂಡಿ. ಮೊದಮೊದಲ 915ಗಳ ಪೆಟ್ಟಿಗೆ ಮೆಗ್ನೀಸಿಯಂನದು, ಆಮೇಲೆ ಅಲ್ಯೂಮಿನಿಯಂ ಬಂತು. ಬಿಸಿಯಾದಾಗ ಮೆಗ್ನೀಸಿಯಂ ಉಕ್ಕಿನ ಎರಡರಷ್ಟಕ್ಕೂ ಹೆಚ್ಚು ಹಿಗ್ಗುತ್ತದೆ, ಅಲ್ಯೂಮಿನಿಯಂ ಅದಕ್ಕಿಂತ ತುಸು ಕಡಿಮೆ. ವರ್ಷಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿದರೆ ಬೇರಿಂಗಿನ ಹೊರ ಬಳೆ ಸಡಿಲಗೊಂಡು ಗುಂಡಿಯಲ್ಲೇ ತಿರುಗಲು ಶುರುಮಾಡಬಹುದು. ಸರಿಯಾದ ಪೆಟ್ಟಿಗೆಯನ್ನು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಮಾತ್ರ ಬೇರಿಂಗ್ ಬಿಟ್ಟುಕೊಡಬೇಕು. ತಣ್ಣಗಿರುವಾಗಲೇ ಕೈಗೆ ಬಂದರೆ, ಅಥವಾ ಗುಂಡಿಯೊಳಗೆ ಸುತ್ತು ಗೀರುಗಳು ಹೊಳೆದರೆ, ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ. ಪೆಟ್ಟಿಗೆಗೇ ಮಶೀನ್ ಶಾಪಿನ ಚಿಕಿತ್ಸೆ ಬೇಕು. ಅಂಟು ಹಚ್ಚಿ ಕೂರಿಸುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ.

ಗೇರು ತಾನಾಗಿ ಜಾರಿ ಬೀಳುತ್ತಿತ್ತು ಎಂದು ನಿಮ್ಮ ಚೀಟಿಯಲ್ಲಿದ್ದರೆ ಸ್ಲೈಡರುಗಳನ್ನು ತಳ್ಳುವ ಶಿಫ್ಟ್ ಫೋರ್ಕುಗಳ ತುದಿ ನೋಡಿ. ಸವೆದಿದ್ದರೆ, ಬಾಗಿದ್ದರೆ ಬದಲಿಸಿ. ಸರಿಯಿದ್ದರೆ ತಪ್ಪು ಜೋಡಣೆಯಲ್ಲಿರಬಹುದು. 915ರಲ್ಲಿ ಫೋರ್ಕುಗಳನ್ನು ರಾಡಿಗೆ ಬೋಲ್ಟಿನಿಂದ ಬಿಗಿದಿರುತ್ತಾರೆ. ನ್ಯೂಟ್ರಲಿನಲ್ಲಿ ಸ್ಲೈಡರ್ ಎರಡು ಗೇರುಗಳ ನಟ್ಟನಡುವೆ ನಿಲ್ಲುವಂತೆ ಅದನ್ನು ಹೊಂದಿಸಬೇಕು. ತುಸು ಆಚೀಚೆಯಾದರೆ ಒಂದು ಗೇರು ಅರ್ಧವೇ ಕಚ್ಚಿ ಜಾರುತ್ತದೆ.

ಗೇರಿನ ದೊಡ್ಡ ಹಲ್ಲುಗಳಲ್ಲಿ ಚೂರು ಎದ್ದಿದ್ದರೆ, ಗುಳಿ ಬಿದ್ದಿದ್ದರೆ, ಅದನ್ನೂ ಅದರ ಜೊತೆಗಾರನನ್ನೂ ಒಟ್ಟಿಗೇ ಬದಲಿಸಬೇಕು. ಎರಡೂ ಒಂದಕ್ಕೊಂದು ಉಜ್ಜಿ ಹೊಂದಿಕೊಂಡಿರುತ್ತವೆ. ಒಂದನೇ ಗೇರಿನ ವಿಷಯದಲ್ಲಿ ಇದು ಕಹಿ ಸುದ್ದಿ, ಅದರ ಜೊತೆಗಾರ ಇನ್‌ಪುಟ್ ಶಾಫ್ಟಿನ ಮೈಯಲ್ಲೇ ಕಡೆದದ್ದು.

ಮುಟ್ಟಬಾರದ್ದು

ಸದ್ದಿಲ್ಲದೆ ಓಡುತ್ತಿದ್ದ ಕ್ರೌನ್-ಪಿನಿಯನ್ನನ್ನು ಬದಲಿಸುವುದು ದುಡ್ಡು ಕೊಟ್ಟು ಜಗಳ ತಂದಂತೆ. ಕಾರ್ಖಾನೆಯಲ್ಲಿ ಇವೆರಡನ್ನೂ ಜೋಡಿಯಾಗಿ ಉಜ್ಜಿ, ಒಂದೇ ಜೋಡಿ ಸಂಖ್ಯೆಯನ್ನು ಎರಡರ ಮೇಲೂ ಕೊರೆದಿರುತ್ತಾರೆ. ಎಸ್‌ಸಿಯಲ್ಲಿ ಇದು 8:31, ಅಂದರೆ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 31. ಮೊದಲಿನ ಕಾರುಗಳಲ್ಲಿ 7:31. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಶಿಮ್ಮುಗಳೆಂಬ ತೆಳುವಾದ ಲೋಹದ ಹಾಳೆಗಳು ತೀರ್ಮಾನಿಸುತ್ತವೆ, ಲೆಕ್ಕ ಮಿಲಿಮೀಟರಿನ ನೂರನೇ ಭಾಗದ್ದು. ಹೊಸ ಜೋಡಿ ಹಾಕಿದರೆ, ಪಿನಿಯನ್ನಿನ ಬೇರಿಂಗ್ ಅಥವಾ ಪೆಟ್ಟಿಗೆ ಬದಲಿಸಿದರೆ ಈ ಆಳವನ್ನು ಮತ್ತೆ ಅಳೆದು ಹೊಂದಿಸಬೇಕು. ಅದಕ್ಕೆ ವಿಶೇಷ ಸಲಕರಣೆ, ಡಯಲ್ ಗೇಜು, ತಾಳ್ಮೆ ಮೂರೂ ಬೇಕು. ಪಿನಿಯನ್ ಬೇರಿಂಗಿನಲ್ಲಿ ಗುಳಿ ಕಂಡರೆ ಬೇರೆ ದಾರಿಯಿಲ್ಲ, ಬಲ್ಲವರ ಬಳಿ ಒಯ್ಯಿರಿ. ಇಲ್ಲವಾದರೆ ಹಲ್ಲಿನ ಮೇಲಿನ ಗುರುತನ್ನು ನೋಡಿ, ಶಿಮ್ಮುಗಳನ್ನು ಮೈಕ್ರೊಮೀಟರಿನಲ್ಲಿ ಅಳೆದು, ದಾರ ಕಟ್ಟಿ ಚೀಟಿ ಅಂಟಿಸಿ, ಇದ್ದಲ್ಲಿಗೇ ಇದ್ದಷ್ಟೇ ವಾಪಸ್ ಹಾಕಿ. ಡಿಫರೆನ್ಷಿಯಲ್ ಬೇರಿಂಗುಗಳಿಗೂ ಇದೇ ಮಾತು.

ಹಳೆಯ ಕಾರುಗಳನ್ನು ಒಡೆದು ಮಾರುವವರಲ್ಲಿ ಬಿಡಿಭಾಗ ಕೊಳ್ಳುವುದಾದರೆ ಗೇರು ಜೋಡಿ, ಪೆಟ್ಟಿಗೆ, ಫೋರ್ಕು ಕೊಳ್ಳಬಹುದು. ಕ್ರೌನ್-ಪಿನಿಯನ್ ಬೇಕೇ ಬೇಕಾದರೆ ಎರಡರ ಮೇಲಿನ ಜೋಡಿ ಸಂಖ್ಯೆ ಓದಿ ನೋಡದೆ ದುಡ್ಡು ಕೊಡಬೇಡಿ. ಸಿಂಕ್ರೊ ರಿಂಗು, ಬೇರಿಂಗುಗಳನ್ನು ಮಾತ್ರ ಎಂದೂ ಹಳತು ಕೊಳ್ಳಬೇಡಿ.

ಆ ಸಂಜೆ ಬೆಡ್‌ಶೀಟಿನ ಮೇಲೆ ಮೂರು ಗುಡ್ಡೆಗಳಾದವು. ಎಸೆಯುವ ಗುಡ್ಡೆಯಲ್ಲಿ ಸೀಲು, ಗ್ಯಾಸ್ಕೆಟ್ಟುಗಳೆಲ್ಲ, ಮೊದಲ ಮೂರು ಗೇರುಗಳ ರಿಂಗು, ಬ್ಯಾಂಡುಗಳು, ಎರಡನೇ ಗೇರಿನ ಡಾಗ್ ಹಲ್ಲು, ಒಂದು-ಎರಡರ ಸ್ಲೈಡರ್, ಇನ್‌ಪುಟ್ ಶಾಫ್ಟಿನ ಬೇರಿಂಗು. ಎರಡನೆಯದರಲ್ಲಿ ಅಳೆದು ಪಾಸಾದ ನಾಲ್ಕು, ಐದರ ರಿಂಗು, ಫೋರ್ಕುಗಳು, ಸೂಜಿ ಬೇರಿಂಗುಗಳು. ಮೂರನೆಯದು ಕ್ರೌನ್-ಪಿನಿಯನ್, ಅದರ ಮೇಲೆ ಗೆಳೆಯ ಒಗೆದ ಬಟ್ಟೆ ಹೊದಿಸಿದ್ದ. “ಇದಕ್ಕೆ ಏನೂ ಇಲ್ವಾ ಮಾರಾಯ?” ಎಂದು ಕೇಳುವಾಗ ಅವನಿಗೆ ಒಳಗೊಳಗೆ ಬೇಸರವೇ ಇತ್ತು.

ಜೋಡಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಗೇರು ಬಿಗಿಯಾಗಿಯೇ ಇರುತ್ತದೆ, ಹೊಸ ರಿಂಗುಗಳು ಹೊಂದಿಕೊಳ್ಳಬೇಕು. ಆಮೇಲೆ ಆಯಿಲ್ ಬದಲಿಸಿ, ಅಯಸ್ಕಾಂತವನ್ನು ಇನ್ನೊಮ್ಮೆ ನೋಡಿ. ಕೆಲಸವನ್ನು ಬೇರೆಯವರಿಂದ ಮಾಡಿಸುವುದಾದರೆ ಕಾರು ಬಿಡುವ ದಿನವೇ ಒಂದು ಮಾತು ಹೇಳಿಬಿಡಿ: ತೆಗೆದ ಭಾಗಗಳೆಲ್ಲ ಒಂದು ಡಬ್ಬಿಯಲ್ಲಿ ನನಗೆ ವಾಪಸ್ ಬೇಕು. ಬಿಲ್ ಕಟ್ಟುವ ಮೊದಲು ಆ ಡಬ್ಬಿ ತೆರೆದು, ಎರಡನೇ ಗೇರಿನ ಡಾಗ್ ಹಲ್ಲಿಗೆ ಉಗುರು ಹಚ್ಚಿ ನೋಡಿ.